ಕೋದಂಡರಾಮಪ್ಪನ ಇಪ್ಪತ್ತೆರಡು ಸೆಕೆಂಡು

ಟಿಣ್.

ಹಿತ್ತಾಳೆಯ ಮೇಜುಗಂಟೆಯಿಂದ ಹೊರಟ ಆ ಒಂದು ಸದ್ದು ಸಭಾಂಗಣದ ಹೆಂಚಿನ ಮಾಡನ್ನು ಮುಟ್ಟಿ, ಕಿಟಕಿಯಾಚೆಯ ಹುಣಸೆಮರದವರೆಗೂ ಹೋಗಿ ನಿಂತಿತು. ವೇದಿಕೆಯ ಮೇಲೆ ಮಾತಾಡುತ್ತಿದ್ದ ಮುಳಬಾಗಿಲಿನ ಹುಡುಗ ಒಮ್ಮೆ ಉಗುಳು ನುಂಗಿ, ಎರಡರಷ್ಟು ವೇಗದಲ್ಲಿ ಮುಂದುವರಿದ. ನಾಲ್ಕು ನಿಮಿಷ ಆಯಿತು, ಇನ್ನು ಒಂದೇ ನಿಮಿಷ ಎಂದು ಆ ಸದ್ದಿನ ಅರ್ಥ. ಐದು ತುಂಬಿದಾಗ ಅದೇ ಗಂಟೆ ಎರಡು ಸಲ ಮೊಳಗುತ್ತದೆ. ಅಲ್ಲಿಂದಾಚೆಗೆ ಆಡಿದ ಮಾತು ಅಂಕ ಕಳೆಯುತ್ತದೆಯೇ ಹೊರತು ಕೂಡಿಸುವುದಿಲ್ಲ.

ಗಂಟೆಯ ಮೇಲಿದ್ದ ಬೆರಳು ಕೋದಂಡರಾಮಪ್ಪನದು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಪ್ರೌಢಶಾಲೆಗಳು ವರ್ಷಕ್ಕೊಮ್ಮೆ ಕೋಲಾರದಲ್ಲಿ ಸೇರಿ ನಡೆಸುತ್ತಿದ್ದ ಚರ್ಚಾ ಸ್ಪರ್ಧೆಗೆ ಅವನು ಸಮಯಪಾಲಕ. ಮೇಷ್ಟ್ರಲ್ಲ, ಯಾವ ಶಾಲೆಯ ನೌಕರನೂ ಅಲ್ಲ. ಏಳನೇ ತರಗತಿಗೆ ಓದು ಬಿಟ್ಟು ಕುರುಡುಮಲೆ ಪಕ್ಕದ ಹಳ್ಳಿಯಿಂದ ಕೋಲಾರಕ್ಕೆ ಬಂದು, ಪೇಟೆಬೀದಿಯಲ್ಲಿ ಗಡಿಯಾರ ರಿಪೇರಿ ಕಲಿತವನು. ಆಮೇಲೆ ಅದೇ ಬೀದಿಯಲ್ಲಿ ಒಬ್ಬ ಮನುಷ್ಯ ಕೂತರೆ ಇನ್ನೊಬ್ಬ ನಿಲ್ಲಬೇಕಾದಷ್ಟು ಅಗಲದ ಸ್ವಂತ ಅಂಗಡಿ ಇಟ್ಟ.

ಈ ಕೆಲಸ ಅವನಿಗೆ ಸಿಕ್ಕಿದ್ದು ಒಂದು ಜಗಳದಿಂದ. ಎಪ್ಪತ್ತೊಂದನೇ ಇಸವಿಯಲ್ಲಿ, ಸಮಯ ನೋಡುತ್ತಿದ್ದ ಮೇಷ್ಟ್ರು ತಮ್ಮ ಶಾಲೆಯ ಹುಡುಗನಿಗೆ ಅರ್ಧ ನಿಮಿಷ ಹೆಚ್ಚು ಕೊಟ್ಟರು ಎಂದು ಉಳಿದ ಶಾಲೆಗಳವರು ಎದ್ದು ನಿಂತರು. ಕೊಟ್ಟಿದ್ದರೋ ಇಲ್ಲವೋ, ಸ್ಟಾಪ್‌ವಾಚು ಕೆಟ್ಟಿತ್ತು ಎಂಬುದಂತೂ ನಿಜ. ಸ್ಪರ್ಧೆಯ ಅಧ್ಯಕ್ಷರಾದ ಹೆಡ್‌ಮೇಷ್ಟ್ರು ಚನ್ನರಾಯಪ್ಪನವರು ಅದನ್ನು ಕೋದಂಡರಾಮಪ್ಪನ ಅಂಗಡಿಗೆ ಕಳಿಸಿದರು. ಅವನು ರಿಪೇರಿ ಮಾಡಿ, ತಾನೇ ತಂದು ಕೊಟ್ಟು, ಒಮ್ಮೆ ಒತ್ತಿ ತೋರಿಸಿದ. ಚನ್ನರಾಯಪ್ಪನವರು ಅವನನ್ನು ಮೇಲಿಂದ ಕೆಳಗೆ ನೋಡಿ, ನಿನಗೆ ಯಾವ ಶಾಲೆಯಲ್ಲಾದರೂ ಮಕ್ಕಳಿದ್ದಾರೇನಪ್ಪಾ ಎಂದು ಕೇಳಿದರು. ಇರಲಿಲ್ಲ. ಹಾಗಾದರೆ ಇಲ್ಲೇ ಕೂತ್ಕೋ ಎಂದರು. ಹಾಗೆ ಕೂತವನು ಮತ್ತೆ ಏಳಲಿಲ್ಲ.

ನಿಯಮಗಳನ್ನು ಅಚ್ಚು ಹಾಕಿಸಿದ ಒಂದು ಹಾಳೆಯಿತ್ತು. ಪರ, ವಿರೋಧ ಯಾರಿಗೆ ಯಾವುದು ಎಂದು ಚೀಟಿ ಎತ್ತಿ ತೀರ್ಮಾನ. ಕಾಗದ ನೋಡಿ ಓದುವಂತಿಲ್ಲ. ಎದುರು ಪಕ್ಷದವರ ಮಾತನ್ನು ಖಂಡಿಸಬಹುದು, ಮನುಷ್ಯನನ್ನು ಹಳಿಯುವಂತಿಲ್ಲ. ಆಕ್ಷೇಪವಿದ್ದರೆ ಫಲಿತಾಂಶಕ್ಕೆ ಮುಂಚೆ, ತಂಡದ ನಾಯಕನೇ ಎತ್ತಬೇಕು. ಹಾಳೆಯ ತುದಿಯಲ್ಲಿ ಕೋದಂಡರಾಮಪ್ಪನ ಬಗ್ಗೆಯೂ ಒಂದು ಸಾಲಿತ್ತು: ಸಮಯಪಾಲಕರು ಗಂಟೆಯ ಹೊರತು ಬೇರೆ ಮಾತು ಆಡತಕ್ಕದ್ದಲ್ಲ.

ಅದು ಅವನಿಗೆ ಕಷ್ಟವಾಗಲಿಲ್ಲ. ಗಡಿಯಾರದ ಮೇಲೆ ಬಾಗಿ ಕೂರುವವನಿಗೆ ಬಾಯಿ ಮುಚ್ಚಿಕೊಳ್ಳುವುದು ಕೆಲಸದ ಭಾಗ. ಒಂದು ನಿಟ್ಟುಸಿರು ಬಿಟ್ಟರೂ ಕೂದಲೆಳೆಯಂಥ ಸ್ಪ್ರಿಂಗು ಹಾರಿಹೋಗುತ್ತದೆ. ಇದರ ಮೇಲೆ ಅವನು ತಾನೇ ಇನ್ನೊಂದು ನಿಯಮ ಹಾಕಿಕೊಂಡ. ಮಾತಾಡುವವರ ಮುಖ ನೋಡಬಾರದು. ಕರುಣೆ ಒಳಗೆ ಬರುವುದು ಕಣ್ಣಿನಿಂದ; ಕಿವಿ ಅಷ್ಟು ಸುಲಭಕ್ಕೆ ಮೋಸ ಹೋಗುವುದಿಲ್ಲ ಎಂದು ಅವನ ನಂಬಿಕೆ. ಅಂಗೈಯಲ್ಲಿ ಸ್ಟಾಪ್‌ವಾಚು, ಅದರ ಮೇಲೆ ಕಣ್ಣು, ತಗ್ಗಿಸಿದ ತಲೆ. ಹನ್ನೆರಡು ವರ್ಷ ನೂರಾರು ಮಕ್ಕಳು ಅವನ ನಡುನೆತ್ತಿಯನ್ನು ಮಾತ್ರ ನೋಡಿದ್ದರು.

ಆದರೆ ಕೇಳುತ್ತಿದ್ದ. ಮೊದಲ ಅರ್ಧ ನಿಮಿಷದಲ್ಲೇ ಯಾರು ಗೆಲ್ಲುತ್ತಾರೆಂದು ಅವನಿಗೆ ಗೊತ್ತಾಗುತ್ತಿತ್ತು. ಗಂಟಲು ಎತ್ತರಿಸಿದವರು ಗೆಲ್ಲುವುದಿಲ್ಲ. ಎದುರಿನವರು ಏನು ಹೇಳಿದರು ಎಂಬುದನ್ನು ಅವರಿಗಿಂತ ಚೆನ್ನಾಗಿ ಹೇಳಿ, ಆಮೇಲೆ ಮುರಿಯುವವರು ಗೆಲ್ಲುತ್ತಾರೆ. ರಾತ್ರಿ ಊಟಕ್ಕೆ ಕೂತಾಗ ಹೆಂಡತಿ ಆದಿಲಕ್ಷ್ಮಮ್ಮನಿಗೆ ಇದನ್ನೆಲ್ಲ ವಿವರಿಸುತ್ತಿದ್ದ. ಅವಳು ಮುದ್ದೆ ಬಡಿಸುತ್ತ, ನಿಮ್ಮ ಗಂಟೆ ಊರಿಗೆಲ್ಲ ನಡೆಯುತ್ತೆ, ನಮ್ಮಮ್ಮ ಬಂದಾಗ ಮಾತ್ರ ಯಾಕೋ ಕೆಲಸ ಮಾಡಲ್ಲ ಎನ್ನುತ್ತಿದ್ದಳು. ಅದೂ ಪೂರ್ತಿ ನಿಜವಲ್ಲ. ಅತ್ತೆ ಮಾತು ಶುರು ಮಾಡಿದಾಗಲೆಲ್ಲ ಅವನ ಅಂಗಿಯ ಜೇಬಿನಿಂದ ಸಣ್ಣಗೆ ಕಟಕ್ ಎಂಬ ಸದ್ದು ಬರುತ್ತಿತ್ತು. ಜೇಬಿನಲ್ಲಿ ಅವನದೇ ಒಂದು ಹಳೆಯ ಸ್ಟಾಪ್‌ವಾಚು ಸದಾ ಇರುತ್ತಿತ್ತು. ಗಿರಾಕಿ, ಕ್ಷೌರಿಕ, ಬಾಡಿಗೆ ಮನೆಯ ಮಾಲೀಕ, ಯಾರೇ ಉದ್ದ ಎಳೆದರೂ ಒಂದು ಬೆರಳು ಜೇಬಿಗೆ ಹೋಗುತ್ತಿತ್ತು. ಐದು ನಿಮಿಷಕ್ಕಿಂತ ಹೆಚ್ಚು ಬೇಕಾಗುವ ಮಾತು ಲೋಕದಲ್ಲಿ ಇಲ್ಲ ಎಂಬುದು ಅವನು ಕಂಡುಕೊಂಡ ಸತ್ಯ.

ಆ ನಾಲ್ಕು ತಾಲ್ಲೂಕಿನ ಸ್ಪರ್ಧೆಗೆ ಒಂದು ವಿಶೇಷ ಪದ್ಧತಿಯಿತ್ತು. ಸಂಬೋಧನೆಯನ್ನು ಸಮಯಕ್ಕೆ ಸೇರಿಸುತ್ತಿರಲಿಲ್ಲ. ಸಭಾಧ್ಯಕ್ಷರೇ, ತೀರ್ಪುಗಾರರೇ, ಎದುರು ಪಕ್ಷದ ಗೆಳೆಯರೇ ಎಂದು ಎಲ್ಲರನ್ನೂ ಕರೆದು ಮುಗಿಸಿ, ವಿಷಯದ ಮೊದಲ ಮಾತು ಬಂದಾಗಲೇ ವಾಚು ಒತ್ತುವುದು. ಹಿರಿಯರಿಗೆ ಕೈಮುಗಿಯುವ ಹೊತ್ತನ್ನು ಲೆಕ್ಕ ಹಾಕಬಾರದು ಎಂದು ಚನ್ನರಾಯಪ್ಪನವರ ಹಟ. ಈ ಸಂದಿಯನ್ನು ಮಕ್ಕಳು ಬೇಗ ಕಂಡುಹಿಡಿದರು. ಎಪ್ಪತ್ತಾರರಲ್ಲಿ ಮಾಲೂರಿನ ಒಬ್ಬ ಹುಡುಗ, ಪಟ್ಟಣವಿಲ್ಲದೆ ಹಳ್ಳಿ ಬದುಕದು ಎಂಬ ವಿಷಯಕ್ಕೆ ಎದ್ದು ನಿಂತು, "ಬೆಂಗಳೂರಿನ ರೈಲು ಒಂದು ದಿನ ತಪ್ಪಿದರೆ ಒಲೆ ಹೊತ್ತದ ನಮ್ಮೂರಿನ ಮನೆಗಳ ಪಾಡನ್ನು ಬಲ್ಲ ಸಭಾಧ್ಯಕ್ಷರೇ" ಎಂದು ಕರೆದ. ತೀರ್ಪುಗಾರರನ್ನು ಕರೆಯುವಾಗ ಇನ್ನೆರಡು ವಾದ ಸೇರಿಸಿದ. ಸಭೆಗೆ ಕೈಮುಗಿದು ಮುಗಿಸುವಷ್ಟರಲ್ಲಿ ಅರ್ಧ ಭಾಷಣವೇ ಆಗಿಹೋಗಿತ್ತು. ಕೋದಂಡರಾಮಪ್ಪ ಒಲೆ ಎಂಬ ಪದಕ್ಕೇ ವಾಚು ಒತ್ತಿದ್ದ. ಹುಡುಗ ಆಕ್ಷೇಪ ಎತ್ತಿದಾಗ ಚನ್ನರಾಯಪ್ಪನವರು ನಕ್ಕು, ಕರೆಯುವ ಮಾತಿನೊಳಗೆ ವಾದ ಹೊಕ್ಕರೆ ಆ ಕ್ಷಣದಿಂದಲೇ ಸಮಯ ಎಂದು ನಿಯಮದ ಹಾಳೆಗೆ ಸೇರಿಸಿದರು. ವಾದ ಯಾವಾಗ ಹೊಕ್ಕಿತು ಎಂದು ಹೇಳುವ ಅಧಿಕಾರ ಸಮಯಪಾಲಕನದು. ಅಂದಿನಿಂದ ಕೋದಂಡರಾಮಪ್ಪನ ಕಿವಿಗೆ ಇನ್ನೂ ಹರಿತ ಬಂತು. ಮಕ್ಕಳು ಅವನಿಗೆ ಹೆದರುತ್ತಿದ್ದರು, ಆದರೆ ಅವನ ವಾಚನ್ನು ಯಾರೂ ಅನುಮಾನಿಸುತ್ತಿರಲಿಲ್ಲ. ಅವನಿಗಿದ್ದ ಆಸ್ತಿ ಅದೊಂದೇ.

ಎಂಬತ್ತಮೂರರ ಅಂತಿಮ ಸುತ್ತಿಗೆ ಮಾಲೂರು ಮತ್ತು ಶ್ರೀನಿವಾಸಪುರ ಬಂದವು. ವಿಷಯ: ಬದುಕಿಗೆ ಬೇಕಾದ ಪಾಠ ಸಿಗುವುದು ಶಾಲೆಯಲ್ಲಿ, ಮನೆಯಲ್ಲಲ್ಲ. ಪರವಾಗಿ ಮಾಲೂರಿನ ನಾಯಕ ಕದಿರೇಶ, ಇಟ್ಟಿಗೆ ಗೂಡಿನ ಮೇಸ್ತ್ರಿಯ ಮಗ, ನಾಲಿಗೆಯಲ್ಲಿ ಒಂದೂ ಸುಕ್ಕಿಲ್ಲದ ಹುಡುಗ. ವಿರೋಧವಾಗಿ ಶ್ರೀನಿವಾಸಪುರದ ಶಾಮಲಮ್ಮ, ರೋಣೂರು ಕಡೆಯ ಹಳ್ಳಿಯಿಂದ ಶಾಲೆಗೆ ನಡೆದು ಬರುವ ಹತ್ತನೇ ತರಗತಿಯ ಹುಡುಗಿ. ಗೆದ್ದ ಶಾಲೆಗೆ ಕೊಡುವ ಫಲಕ ಶ್ರೀನಿವಾಸಪುರಕ್ಕೆ ಒಮ್ಮೆಯೂ ಹೋಗಿರಲಿಲ್ಲ.

ಕದಿರೇಶ ಐದು ನಿಮಿಷಕ್ಕೆ ಸರಿಯಾಗಿ, ಎರಡನೇ ಗಂಟೆಯೊಂದಿಗೆ ಕೊನೆಯ ಪದ ಸೇರಿಸಿ ಕೂತ. ಶಾಮಲಮ್ಮ ಎದ್ದಳು. ಸಭಾಧ್ಯಕ್ಷರನ್ನು ಕರೆದಳು, ತೀರ್ಪುಗಾರರನ್ನು ಕರೆದಳು. ಮೂರನೆಯದಾಗಿ, "ಹುಳು ಚಂದ್ರಿಕೆಗೆ ಹತ್ತುವ ದಿನವೂ ಮನೆ ಬಿಟ್ಟು ನನ್ನ ಮಾತು ಕೇಳಲು ಬಂದು, ಹಿಂದಿನ ಸಾಲಿನಲ್ಲಿ ಕುಳಿತಿರುವ ನನ್ನ ತಾಯಿಯವರೇ" ಎಂದಳು.

ಕಟಕ್. ಕೋದಂಡರಾಮಪ್ಪನ ಹೆಬ್ಬೆರಳು ತಾನಾಗಿಯೇ ಒತ್ತಿತು.

ಬೇರೆ ಯಾರು ಅವನ ಜಾಗದಲ್ಲಿ ಕೂತಿದ್ದರೂ ಒತ್ತುತ್ತಿರಲಿಲ್ಲ. ತಾಯಿಯನ್ನು ಕರೆದಳು ಎಂದಷ್ಟೇ ಅಂದುಕೊಳ್ಳುತ್ತಿದ್ದರು. ಅವನು ರೇಷ್ಮೆ ಹುಳು ಸಾಕುವ ಮನೆಯಲ್ಲಿ ಹುಟ್ಟಿದವನು. ಸೊಪ್ಪು ತಿನ್ನುವುದನ್ನು ನಿಲ್ಲಿಸಿ ಹಣ್ಣಾದ ಹುಳುಗಳನ್ನು ಒಂದೊಂದಾಗಿ ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುವ ದಿನ ಎಂಥದೆಂದು ಅವನಿಗೆ ಗೊತ್ತು. ಒಂದು ತಿಂಗಳ ದುಡಿಮೆ ಆ ಒಂದು ಹಗಲಿನಲ್ಲಿ ಉಳಿಯುತ್ತದೆ ಇಲ್ಲವೇ ಹೋಗುತ್ತದೆ. ಅಂಥ ದಿನ ಬಂತೆಂದು ಅವನ ಅಕ್ಕನ ನಿಶ್ಚಿತಾರ್ಥವನ್ನೇ ಮುಂದಕ್ಕೆ ಹಾಕಿದ್ದರು. ಆ ದಿನ ಮನೆ ಬಿಟ್ಟು ಬರುವ ತಾಯಿ ನಾಲ್ಕು ತಾಲ್ಲೂಕಿನಲ್ಲಿ ಇಲ್ಲ. ಹಾಗಾದರೆ ಇದು ಕಟ್ಟಿದ ಮಾತು. ಮನೆಯ ಪರವಾಗಿ ವಾದಿಸಬೇಕಾದ ಹುಡುಗಿ, ಇಲ್ಲದ ತಾಯಿಯನ್ನು ಹಿಂದಿನ ಸಾಲಿನಲ್ಲಿ ಕೂರಿಸಿ ವಾದ ಶುರು ಮಾಡಿದ್ದಾಳೆ. ಜಾಣೆ ಎಂದು ಮನಸ್ಸಿನಲ್ಲೇ ಮೆಚ್ಚಿಕೊಂಡ. ಎಂದಿನಂತೆ ತಲೆ ಎತ್ತಲಿಲ್ಲ.

ಅವಳು ಎದುರು ಪಕ್ಷದವರನ್ನು, ಜೊತೆಗಾತಿಯನ್ನು, ನಾಲ್ಕು ಊರುಗಳ ಸಹಪಾಠಿಗಳನ್ನು ಬಿಡದೆ ಕರೆದು, ವಿಷಯಕ್ಕೆ ಬಂದಾಗ ಮುಳ್ಳು ಇಪ್ಪತ್ತೆರಡನೇ ಸೆಕೆಂಡಿನ ಮೇಲಿತ್ತು. ಅದನ್ನು ಅಭ್ಯಾಸದಂತೆ ಚೀಟಿಯಲ್ಲಿ ಬರೆದುಕೊಂಡ.

ಅವಳು ಚೆನ್ನಾಗಿ ಮಾತಾಡಿದಳು. ಕದಿರೇಶನ ಮೂರು ಮಾತನ್ನು ಅವನಿಗಿಂತ ಚೆನ್ನಾಗಿ ಹೇಳಿ, ಒಂದೊಂದಾಗಿ ಬಿಡಿಸಿಟ್ಟಳು. ಕೊನೆಗೆ, "ನನ್ನ ತಾಯಿ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೆ ಹಿಪ್ಪುನೇರಳೆ ಸೊಪ್ಪು ಒದ್ದೆಯಿದೆಯೋ ಇಲ್ಲವೋ ಎಂದು..." ಎನ್ನುವಷ್ಟರಲ್ಲಿ ಟಿಣ್ ಟಿಣ್ ಎಂದಿತು. ಉಳಿದವರಾಗಿದ್ದರೆ ಒಂದು ಅಂಕ ಹೋದರೆ ಹೋಗಲಿ ಎಂದು ವಾಕ್ಯ ಮುಗಿಸುತ್ತಿದ್ದರು. ಅವಳು ಅಲ್ಲೇ ನಿಲ್ಲಿಸಿ, ಕೈಮುಗಿದು, ಹೋಗಿ ಕೂತಳು. ಅರ್ಧ ವಾಕ್ಯ ವೇದಿಕೆಯ ಮೇಲೆ ನಿಂತೇ ಇತ್ತು.

ಇಬ್ಬರ ಜೊತೆಗಾರರೂ ಮಾತಾಡಿ ಮುಗಿಸಿದ ಮೇಲೆ ತೀರ್ಪುಗಾರರು ಅಂಕ ಕೂಡಲು ಒಳಕೋಣೆಗೆ ಹೋದರು. ಕೋದಂಡರಾಮಪ್ಪ ನೀರು ಕುಡಿಯಲು ಜಗಲಿಗೆ ಬಂದ. ಅಲ್ಲಿ ಕಂಬಕ್ಕೊರಗಿ ಒಬ್ಬ ಹೆಂಗಸು ನಿಂತಿದ್ದಳು. ಅವಳು ಅವನ ಕೈಯಲ್ಲಿನ ವಾಚು ನೋಡಿ ಹತ್ತಿರ ಬಂದಳು.

"ಅಣ್ಣಾ, ಟೈಮೆಷ್ಟಾಯ್ತು? ಶ್ರೀನಿವಾಸಪುರದ ಬಸ್ಸು ತಪ್ಪೋದ್ರೆ ಕಷ್ಟ ಆಗ್ತದೆ."

ಕೈಗಡಿಯಾರ ನೋಡಿ ಮೂರೂಕಾಲು ಎಂದ. ಹೇಳುವಾಗ ಅವಳ ಬೆರಳುಗಳ ಕಡೆ ಕಣ್ಣು ಹೋಯಿತು. ಉಗುರಿನ ಸಂದಿಯಲ್ಲೆಲ್ಲ ಸೊಪ್ಪಿನ ಹಸಿರು. ಸೀರೆಯಿಂದ ಹುಳು ಮನೆಯ ವಾಸನೆ ಬರುತ್ತಿತ್ತು. ಅವನ ಅಮ್ಮನ ಸೀರೆಯಿಂದ ಬರುತ್ತಿದ್ದುದೂ ಅದೇ ವಾಸನೆ. ಅವಳ ಹೆಸರು ಬೈರಮ್ಮ. ಅವನು ಕೇಳದೆಯೇ ಎಲ್ಲ ಹೇಳಿದಳು: ಬೆಳಗ್ಗೆಯಿಂದ ಹುಳು ಹಣ್ಣಾಗುತ್ತಿವೆ, ನೆರೆಮನೆಯವಳ ಕೈಗೆ ಒಪ್ಪಿಸಿ ಬಂದಿದ್ದೇನೆ, ಅವಳು ಎಷ್ಟು ಆರಿಸಿದ್ದಾಳೋ ಎಷ್ಟು ಬಿಟ್ಟಿದ್ದಾಳೋ.

"ಇಂಥ ದಿನ ಯಾರಾದ್ರೂ ಮನೆ ಬಿಟ್ಟು ಬರ್ತಾರೇನಮ್ಮ?" ಎಂದ.

"ಬರಲ್ಲ," ಎಂದಳು ಬೈರಮ್ಮ. "ನಾನು ಬಂದೆ."

ಆಮೇಲೆ ಅವನ ಮುಖವನ್ನು ದಿಟ್ಟಿಸಿ, "ಆ ಗಂಟೆ ಒತ್ತಿದೋರು ನೀವೇ ಅಲ್ವಾ? ಮನೇಲಿ ನಮ್ಮತ್ತೆ ಹೇಳಿದ್ರೂ ಬಾಯಿ ಮುಚ್ಚೋಳಲ್ಲ ನನ್ನ ಮಗಳು. ನಿಮ್ಮ ಗಂಟೆಗೆ ಹಂಗೇ ಕೂತ್ಬಿಟ್ಳು ನೋಡಿ," ಎಂದು ನಕ್ಕಳು. ಅದರಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

ಒಳಗೆ ಕುರ್ಚಿಗಳು ಸರಿದ ಸದ್ದಾಯಿತು. ಅವನು ನೀರು ಕುಡಿಯದೆಯೇ ತನ್ನ ಮೇಜಿಗೆ ಬಂದ. ಮಾತಾಡಿದರೆ ಹನ್ನೆರಡು ವರ್ಷದ ಹೆಸರು ಹೋಗುತ್ತದೆ. ಇನ್ನು ಮುಂದೆ ಸೋತ ಪ್ರತಿ ಮಗುವೂ ವಾಚಿನ ಕಡೆ ಬೆರಳು ತೋರಿಸಬಹುದು. ಸುಮ್ಮನಿದ್ದರೆ ಆ ಹುಡುಗಿಯ ಇಪ್ಪತ್ತೆರಡು ಸೆಕೆಂಡು ತನ್ನ ಜೇಬಿನಲ್ಲಿ ಉಳಿಯುತ್ತದೆ. ಗಿರಾಕಿಯ ಗಡಿಯಾರದಿಂದ, ಚಕ್ರದ ಅಕ್ಷ ಕೂರುವ ಒಂದು ಸಣ್ಣ ಕೆಂಪು ಕಲ್ಲನ್ನೂ ಅವನು ಎಂದೂ ಎತ್ತಿಟ್ಟುಕೊಂಡವನಲ್ಲ. ಯೋಚನೆ ಅಲ್ಲಿಗೆ ಬಂದು ನಿಂತಿತು. ಹೆಚ್ಚು ಹೊತ್ತು ಬೇಕಾಗಲಿಲ್ಲ.

ಚನ್ನರಾಯಪ್ಪನವರು ಫಲಿತಾಂಶದ ಕಾಗದ ಹಿಡಿದು ವೇದಿಕೆಯ ನಡುವೆ ನಿಂತು ಕನ್ನಡಕ ಏರಿಸಿಕೊಂಡರು.

ಟಿಣ್.

ಯಾರೂ ಮಾತಾಡದಿರುವಾಗ ಬಂದ ಗಂಟೆಗೆ ಇಡೀ ಸಭೆ ತಿರುಗಿತು. ಕೋದಂಡರಾಮಪ್ಪ ಎದ್ದು ನಿಂತಿದ್ದ. ಅವನ ಮುಖ ಹೀಗಿದೆ ಎಂದು ಬಹಳ ಮಕ್ಕಳಿಗೆ ಅಂದೇ ಗೊತ್ತಾದದ್ದು.

"ಸಭಾಧ್ಯಕ್ಷರೇ," ಎಂದ. ಪದ್ಧತಿ ಬಿಡಲಿಲ್ಲ. "ಶ್ರೀನಿವಾಸಪುರದ ಹುಡುಗಿಗೆ ನಾನು ಇಪ್ಪತ್ತೆರಡು ಸೆಕೆಂಡು ಕಮ್ಮಿ ಕೊಟ್ಟಿದ್ದೀನಿ. ತಾಯಿಯನ್ನ ಕರೆದದ್ದನ್ನ ವಾದ ಅಂದ್ಕೊಂಡು ವಾಚು ಒತ್ತಿಬಿಟ್ಟೆ. ತಾಯಿ ಬಂದಿದ್ದಾರೆ."

ಚನ್ನರಾಯಪ್ಪನವರು ಕಾಗದ ಮಡಚಿದರು. ಸಮಯಪಾಲಕ ಮಾತಾಡುವಂತಿಲ್ಲ ಎಂಬ ನಿಯಮವನ್ನು ಮೊದಲು ನೆನಪಿಸಿದರು. ಹೌದು ಸಾರ್, ಅದಕ್ಕೇ ಮೊದಲು ಗಂಟೆ ಒತ್ತಿದೆ ಎಂದ. ಹಿಂದಿನ ಬೆಂಚುಗಳಲ್ಲಿ ನಗು ಎದ್ದಿತು. ಆಗ ಕದಿರೇಶ ಎದ್ದ. ಆಕ್ಷೇಪ ಎತ್ತಲು ನಾಯಕನಾಗಿ ಅವನಿಗೆ ಹಕ್ಕಿತ್ತು, ಹಕ್ಕನ್ನು ಬಿಡುವ ಹುಡುಗನೂ ಅವನಲ್ಲ.

"ತಾಯಿ ಬಂದಿರಬಹುದು ಸಾರ್. ನಿಜವಾದ ಮಾತು ವಾದ ಆಗಬಾರದು ಅಂತ ಎಲ್ಲಿದೆ? ಮನೆಯೇ ಪಾಠಶಾಲೆ ಅನ್ನೋರು, ತಾಯಿ ಕೆಲಸ ಬಿಟ್ಟು ಬಂದಿದ್ದಾರೆ ಅಂದ್ರೆ ಅದು ವಾದವೇ."

ಮಾತು ಗಟ್ಟಿಯಾಗಿತ್ತು. ಇಂಥ ಮಾತು ಕೇಳಿದಾಗಲೆಲ್ಲ ಕೋದಂಡರಾಮಪ್ಪ ತಲೆ ತಗ್ಗಿಸಿಕೊಂಡೇ ಸಂತೋಷಪಡುತ್ತಿದ್ದ. ಈಗ ಉತ್ತರ ಕೊಡಬೇಕಾಗಿತ್ತು. ಮೊದಲು ಎದುರಿನವರ ಮಾತನ್ನು ಚೆನ್ನಾಗಿ ಹೇಳು, ಆಮೇಲೆ ಮುರಿ ಎಂಬ ತನ್ನದೇ ಪಾಠ ನೆನಪಾಯಿತು.

"ಕದಿರೇಶಪ್ಪ, ನೀನು ಹೇಳಿದ್ದು ಸರಿ. ಆ ಮಾತಿನಿಂದ ಅವಳ ಪಕ್ಷಕ್ಕೆ ಬಲ ಬಂತು. ಆದ್ರೆ ಎದುರಿಗೆ ಇರೋರನ್ನ ಇರೋ ಹಾಗೆ ಕರೆದ್ರೆ ಅದು ಸಂಬೋಧನೆ. ಇಲ್ಲದೋರನ್ನ ಇದಾರೆ ಅಂತ ಕರೆದ್ರೆ ಮಾತ್ರ ವಾದ. ಅವರು ಇದಾರಾ ಇಲ್ವಾ ಅಂತ ತಲೆ ಎತ್ತಿ ನೋಡೋದು ನನ್ನ ಕೆಲಸ ಆಗಿತ್ತು. ನೋಡ್ಲಿಲ್ಲ. ವಾಚು ತಪ್ಪಿಲ್ಲ, ನಾನು ತಪ್ಪಿದ್ದೀನಿ."

ಹಿಂದಿನ ಸಾಲಿನಲ್ಲಿ ಬೈರಮ್ಮ ಏನು ನಡೆಯುತ್ತಿದೆ ಎಂದು ತಿಳಿಯದೆ, ತನ್ನ ಕಡೆಗೇ ತಿರುಗಿದ ಮುಖಗಳನ್ನು ನೋಡಿ ಸೆರಗು ಸರಿಪಡಿಸಿಕೊಂಡಳು. ಕದಿರೇಶ ಅವಳನ್ನು ನೋಡಿದ. ಅವನಿಗೆ ಇನ್ನೊಂದು ಮಾತು ಉಳಿದಿತ್ತು. ಆ ಇಪ್ಪತ್ತೆರಡು ಸೆಕೆಂಡು ಕೊಡಿ, ಆದರೆ ಶಾಮಲಮ್ಮನಿಗೆ ಯೋಚಿಸಲು ಇಷ್ಟು ಹೊತ್ತು ಸಿಕ್ಕಿದೆ, ಆದ್ದರಿಂದ ಹೊಸದೇನೂ ಹೇಳುವಂತಿಲ್ಲ, ನಿಂತ ಪದದಿಂದಲೇ ಮುಂದುವರಿಯಬೇಕು ಎಂದ. ತೀರ್ಪುಗಾರರು ಒಪ್ಪಿದರು. ಕೋದಂಡರಾಮಪ್ಪನಿಗೂ ಅದು ನ್ಯಾಯ ಎನಿಸಿತು. ಅವನು ಕೂತು ವಾಚನ್ನು ಸೊನ್ನೆಗೆ ತಂದ. ಈ ಸಲ ತಲೆ ಎತ್ತಿಯೇ ಕೂತ.

ಶಾಮಲಮ್ಮ ವೇದಿಕೆಗೆ ಬಂದಳು. ಯಾರನ್ನೂ ಕರೆಯಲಿಲ್ಲ.

"...ಸೊಪ್ಪು ಒದ್ದೆಯಿದೆಯೋ ಇಲ್ಲವೋ ಎಂದು ಕೆನ್ನೆಗೆ ಒತ್ತಿ ನೋಡುತ್ತಾರೆ. ಕೈಗೆ ತಿಳಿಯದ ತಂಪು ಕೆನ್ನೆಗೆ ತಿಳಿಯುತ್ತದೆ. ಒದ್ದೆ ಸೊಪ್ಪು ಹಾಕಬೇಡಿ ಎಂದು ಪುಸ್ತಕದಲ್ಲಿ ಓದಿದ್ದೇನೆ. ಒದ್ದೆ ಯಾವುದು ಎಂದು ಕಲಿತದ್ದು ಮನೆಯಲ್ಲಿ. ನಮಸ್ಕಾರ."

ಮುಳ್ಳು ಹತ್ತೊಂಬತ್ತರ ಮೇಲೆ ನಿಂತಿತು. ಅವಳ ಮುಖ ಉದ್ದನೆಯದು, ಹಣೆಯ ಮೇಲೆ ಬೆವರು, ಕಣ್ಣು ನೇರ. ಆ ಮುಖದಿಂದ ಕರುಣೆಯೇನೂ ಒಳಗೆ ಬರಲಿಲ್ಲ. ಅವಳಿಗೆ ಅದು ಬೇಕಾಗಿಯೂ ಇರಲಿಲ್ಲ.

ತೀರ್ಪುಗಾರರು ತಮ್ಮ ಹಾಳೆಗಳನ್ನು ವಾಪಸು ಕೇಳಿದರು. ಮೊದಲ ಲೆಕ್ಕದಲ್ಲಿ ಮಾಲೂರು ಒಂದು ಅಂಕ ಮುಂದಿತ್ತು ಎಂದು ಆಮೇಲೆ ಗೊತ್ತಾಯಿತು. ಎರಡನೆಯದರಲ್ಲಿ ಶ್ರೀನಿವಾಸಪುರ ಒಂದು ಅಂಕ ಮುಂದೆ. ಬೈರಮ್ಮ ಫಲಕವನ್ನು ಒಂದು ಕೈಯಲ್ಲಿ, ಮಗಳನ್ನು ಇನ್ನೊಂದು ಕೈಯಲ್ಲಿ ಹಿಡಿದು ಬಸ್‌ ಸ್ಟ್ಯಾಂಡಿನ ಕಡೆ ಹೆಚ್ಚುಕಡಿಮೆ ಓಡಿದಳು. ಹುಳುಗಳು ಯಾರ ಫಲಿತಾಂಶಕ್ಕೂ ಕಾಯುವುದಿಲ್ಲ.

ಕದಿರೇಶ ಹೋಗುವ ಮುಂಚೆ ಮೇಜಿನ ಹತ್ತಿರ ಬಂದ. ಕೋದಂಡರಾಮಪ್ಪ ಬೈಗುಳಕ್ಕೆ ತಯಾರಾದ.

"ಬರೋ ವರ್ಷ ನಮ್ಮ ತಮ್ಮ ಮಾತಾಡ್ತಾನೆ ಸಾರ್. ಆಗಲೂ ನೀವೇ ಇರ್ತೀರಲ್ವಾ?"

"ಯಾಕಪ್ಪಾ?"

"ಬೇರೆಯೋರಾಗಿದ್ರೆ ತಪ್ಪು ಒಪ್ಕೊಳ್ದೆ ಸುಮ್ನಿರ್ತಿದ್ರು, ಇವತ್ತು ನಾವು ಗೆದ್ದಿರ್ತಿದ್ವಿ," ಎಂದ ಕದಿರೇಶ. "ಅವನಿಗೂ ಹಂಗೇನಾದ್ರೂ ಆದ್ರೆ ಹೇಳೋರು ಒಬ್ರು ಬೇಕಲ್ಲ."

ಹೋಗಬಹುದೆಂದು ಹೆದರಿದ್ದ ಹೆಸರನ್ನು ಆ ಹುಡುಗ ತಿರುಗಿ ಮೇಜಿನ ಮೇಲಿಟ್ಟು ಹೋದಂತಾಯಿತು. ಕೋದಂಡರಾಮಪ್ಪ ಗಂಟೆಯನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿದ.

ಜಗಲಿಯಲ್ಲಿ ಚನ್ನರಾಯಪ್ಪನವರು ಕಾಯುತ್ತಿದ್ದರು. ಈ ಸಂಬೋಧನೆಯ ಪದ್ಧತಿಯನ್ನೇ ತೆಗೆದುಹಾಕಿದರೆ ಹೇಗೆ ಎಂದು ಅವರ ಯೋಚನೆ. ಬಾಯಿ ತೆರೆದ ಕ್ಷಣದಿಂದಲೇ ಸಮಯ ಎಂದರೆ ಯಾರಿಗೂ ಗೊಂದಲವಿಲ್ಲ ಎಂದು ಶುರು ಮಾಡಿದರು. ಕೋದಂಡರಾಮಪ್ಪನ ಬೆರಳು ಜೇಬಿಗೆ ಹೋಯಿತು. ಬೇಡ ಸಾರ್ ಎಂದ. ಎದುರಿಗಿರುವವರನ್ನು ಹೊತ್ತು ನೋಡದೆ ಕರೆಯುವ ಮಕ್ಕಳು ಬೇರೆಲ್ಲೂ ಇಲ್ಲ, ಅದು ಇರಲಿ, ನಾನು ತಲೆ ಎತ್ತಿ ಕೂರುತ್ತೇನೆ ಎಂದ. ಅವನ ವಾದಕ್ಕೆ ಹಿಡಿದದ್ದು ಹದಿನೈದು ಸೆಕೆಂಡು. ಚನ್ನರಾಯಪ್ಪನವರು ಅದನ್ನು ಒಪ್ಪುತ್ತಲೇ, ಒಪ್ಪಲು ಕಾರಣಗಳೇನು ಎಂದು ಹೇಳತೊಡಗಿದರು. ತಾವು ಮೇಷ್ಟ್ರಾದ ಹೊಸದರಲ್ಲಿ ನಡೆದ ಒಂದು ಸ್ಪರ್ಧೆ, ಅದರ ಹಿಂದಿನ ವರ್ಷದ ಇನ್ನೊಂದು, ಅಲ್ಲಿ ಬಂದಿದ್ದ ಅಧ್ಯಕ್ಷರ ಸ್ವಭಾವ. ನಾಲ್ಕನೇ ನಿಮಿಷಕ್ಕೆ ಕೋದಂಡರಾಮಪ್ಪ ಒಮ್ಮೆ ಕೆಮ್ಮಿದ. ಅವರಿಗೆ ಅದು ತಿಳಿಯಲಿಲ್ಲ.

"ಆ ಅಧ್ಯಕ್ಷರು ಏನು ಮಾಡಿದರು ಅಂತೀಯಾ ಕೋದಂಡರಾಮಪ್ಪ, ಎದ್ದು ನಿಂತು, ಇಡೀ ಸಭೆಯ ಮುಂದೆ..."

ಕೋದಂಡರಾಮಪ್ಪ ಎರಡು ಸಲ ಕೆಮ್ಮಿ, ಕೈಮುಗಿದು, ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿದು ಪೇಟೆಬೀದಿಯ ಕಡೆ ಹೊರಟ.